ಮಾಯಾನಗರಿಗೆ ಮನೆಮಂದಿಯ ಪಯಣ

ಲಾಸ್ ಏಂಜಲಿಸ್ ನಗರದ ಗ್ರಿಫಿತ್ ಉದ್ಯಾನದಲ್ಲಿ ಜಾತ್ರೆಗಳಲ್ಲಿ ಕಾಣುವಂತಹ ತಿರುಗುವ ಮರದ ಕುದುರೆಗಳಿದ್ದವು. ರಜಾದಿನಗಳಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆತರುತ್ತಿದ್ದ ತಂದೆಯೊಬ್ಬನು, ಮಕ್ಕಳು ಕುದುರೆಯೇರಿ ಸುತ್ತುತ್ತಿರುವಷ್ಟು ಹೊತ್ತೂ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದನು. ಮಕ್ಕಳಿಗೆ ಆನಂದ, ತಂದೆಗೆ ಬೇಸರ. ಹೆತ್ತವರೂ ಮಕ್ಕಳೂ ಕೂಡಿಯೇ ನಲಿಯುವಂತಹ ಸ್ಥಳವೊಂದು ಏಕಿರಬಾರದು ಎಂಬ ಯೋಚನೆ ಆತನಿಗೆ ಅಲ್ಲಿಯೇ ಮೂಡಿತಂತೆ. ಮಿಕ್ಕಿ ಮೌಸ್ ಎಂಬ ಇಲಿಯನ್ನು ಲೋಕಕ್ಕೆಲ್ಲ ಪರಿಚಯಿಸಿದ ವಾಲ್ಟ್ ಡಿಸ್ನಿಯೇ ಆ ತಂದೆ.

ಆ ಯೋಚನೆಯ ಫಲವಾಗಿ ಕ್ಯಾಲಿಫೋರ್ನಿಯಾದ ಅನಹೈಮ್ ಎಂಬ ಊರಿನ ಕಿತ್ತಳೆ ತೋಟಗಳ ನಡುವೆ 160 ಎಕರೆ ನೆಲದಲ್ಲಿ ಡಿಸ್ನಿಲ್ಯಾಂಡ್ ಎದ್ದು ನಿಂತಿತು. 1954ರ ಜುಲೈನಲ್ಲಿ ಮೊದಲಾದ ಕೆಲಸ ಒಂದೇ ವರ್ಷದಲ್ಲಿ ಮುಗಿದು, 1955ರ ಜುಲೈ 17ರಂದು ಬಾಗಿಲು ತೆರೆಯಿತು. ಆರಂಭದ ದಿನ ನಡೆದುದು ಮಾತ್ರ ಫಜೀತಿಯೇ ಸರಿ. ನಕಲಿ ಆಹ್ವಾನಪತ್ರಗಳನ್ನು ಹಿಡಿದು ಸಾವಿರಾರು ಜನ ಒಳನುಗ್ಗಿದರು. ಹೊಸದಾಗಿ ಹಾಸಿದ್ದ ಡಾಂಬರು ಬಿಸಿಲಿಗೆ ಕರಗಿ ಹೆಂಗಸರ ಪಾದರಕ್ಷೆಗಳ ಹಿಮ್ಮಡಿಗಳು ಅದರಲ್ಲಿ ಹೂತುಕೊಂಡವು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ, ಕುಡಿಯುವ ನೀರಿನ ನಲ್ಲಿಗಳೋ ಶೌಚಗೃಹಗಳೋ, ಎರಡರಲ್ಲೊಂದನ್ನು ಮಾತ್ರ ಸಿದ್ಧಗೊಳಿಸಲು ಸಾಧ್ಯವಾಗಿತ್ತು. ಡಿಸ್ನಿಯು ಶೌಚಗೃಹಗಳನ್ನೇ ಆರಿಸಿದನು. ಮಧ್ಯಾಹ್ನದ ವೇಳೆಗೆ ಅಂಗಡಿಗಳಲ್ಲಿ ತಿಂಡಿತೀರ್ಥಗಳು ಬರಿದಾದವು. ರಾಜಕುಮಾರಿಯ ಕೋಟೆ ಎಷ್ಟೇ ಸುಂದರವಾಗಿರಲಿ, ಬಾಯಾರಿದ ಮಗುವಿಗೂ ಕಾಲು ನೊಂದ ತಾಯಿಗೂ ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಕೊರತೆ ಕಾಲಕ್ರಮದಲ್ಲಿ ತೋರಿಬಂದಿತು. ಕೈಯಲ್ಲಿದ್ದ ಹಣವೆಲ್ಲ ವನದ ನಿರ್ಮಾಣಕ್ಕೇ ವ್ಯಯವಾದುದರಿಂದ ಪಕ್ಕದಲ್ಲಿ ಹೋಟೆಲು ಕಟ್ಟಲು ಡಿಸ್ನಿಯ ಬಳಿ ಬಂಡವಾಳ ಉಳಿದಿರಲಿಲ್ಲ. ದೂರದರ್ಶನ ಕಾರ್ಯಕ್ರಮಗಳ ನಿರ್ಮಾಪಕನಾದ ಜ್ಯಾಕ್ ರಾಥರ್ ಎಂಬ ಶ್ರೀಮಂತನು ಅದನ್ನು ಕಟ್ಟಿದನು. ಹೋಟೆಲಿಗೆ ಡಿಸ್ನಿಲ್ಯಾಂಡಿನದೇ ಹೆಸರು, ಲಾಭವೆಲ್ಲ ರಾಥರನದು. ಅದನ್ನು ಕೊಂಡು ತನ್ನದಾಗಿಸಿಕೊಳ್ಳುವುದು ಡಿಸ್ನಿ ಸಂಸ್ಥೆಗೆ ಸಾಧ್ಯವಾದುದು 1988ರಲ್ಲಿ. ಅಷ್ಟರೊಳಗೆ ವನದ ಸುತ್ತಲೂ ಯಾರು ಯಾರದೋ ತಂಗುದಾಣಗಳು, ದೀಪದ ಫಲಕಗಳು ಅಣಬೆಗಳಂತೆ ಎದ್ದಿದ್ದವು. ಬಂದವರು ಹಗಲು ಡಿಸ್ನಿಯ ಬಳಿ ಕಳೆದು ರಾತ್ರಿ ಬೇರೆಯವರ ಬಳಿ ಮಲಗುತ್ತಿದ್ದರು.

ಎರಡನೆಯ ಸಲ ಡಿಸ್ನಿಯು ಆ ಅವಕಾಶವನ್ನು ಬೇರೆಯವರಿಗೆ ಕೊಡಲಿಲ್ಲ. 1960ರ ದಶಕದಲ್ಲಿ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ಪಟ್ಟಣದ ಬಳಿ, ಬೇರೆ ಬೇರೆ ಹೆಸರಿನ ಕಂಪೆನಿಗಳ ಮರೆಯಲ್ಲಿ ನಿಂತು, ಜೌಗು ನೆಲವನ್ನು ಗುಟ್ಟಾಗಿ ಕೊಂಡುಕೊಳ್ಳಲಾಯಿತು. ಸುಮಾರು 27,000 ಎಕರೆ, ಎಂದರೆ ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪಕ್ಕೆ ಸುಮಾರು ಎರಡರಷ್ಟು ನೆಲ. 1965ರ ನವೆಂಬರಿನಲ್ಲಿ ಯೋಜನೆ ಬಹಿರಂಗವಾಯಿತು. ಮರುವರ್ಷ ಡಿಸೆಂಬರ್ 15ರಂದು ವಾಲ್ಟ್ ಡಿಸ್ನಿ ತೀರಿಕೊಂಡನು. ವಿಶ್ರಾಂತಿಯ ವಯಸ್ಸಿನಲ್ಲಿದ್ದ ಅಣ್ಣ ರಾಯ್ ಡಿಸ್ನಿ ತಮ್ಮನ ಕೆಲಸವನ್ನು ಹೆಗಲಿಗೇರಿಸಿಕೊಂಡು, 1971ರ ಅಕ್ಟೋಬರ್ 1ರಂದು ವಾಲ್ಟ್ ಡಿಸ್ನಿ ವರ್ಲ್ಡನ್ನು ತೆರೆದನು. ತಮ್ಮನ ಪೂರ್ಣ ಹೆಸರು ಅದಕ್ಕಿರಬೇಕೆಂಬುದು ಅವನ ಹಟ. ಆ ವರ್ಷದ ಡಿಸೆಂಬರ್ ಮುಗಿಯುವ ಮೊದಲೇ ರಾಯ್ ಕೂಡ ಕಣ್ಮುಚ್ಚಿದನು.

ಅಲ್ಲಿ ವನದೊಂದಿಗೇ ಹೋಟೆಲುಗಳೂ ಹುಟ್ಟಿದವು. ಕಂಟೆಂಪೊರರಿ ಎಂಬ ಹೋಟೆಲಿನ ಕೊಠಡಿಗಳನ್ನು ಬೇರೆಡೆ ಪೆಟ್ಟಿಗೆಗಳಂತೆ ಸಿದ್ಧಪಡಿಸಿ ತಂದು, ಉಕ್ಕಿನ ಚೌಕಟ್ಟಿನೊಳಗೆ ಒಂದೊಂದಾಗಿ ಸೇರಿಸಿದರು. ಒಂಟಿ ಹಳಿಯ ರೈಲು ಅದರ ಒಡಲಿನ ಮೂಲಕವೇ ಹಾದುಹೋಗುತ್ತದೆ. (ಅಧ್ಯಕ್ಷ ನಿಕ್ಸನ್ ತಾನು ವಂಚಕನಲ್ಲವೆಂದು ಘೋಷಿಸಿದುದು 1973ರಲ್ಲಿ ಇದೇ ಹೋಟೆಲಿನಲ್ಲಿ. ಮಾಯಾಲೋಕಕ್ಕೆ ತಕ್ಕ ಮಾತೆಂದು ಅಂದು ನಕ್ಕವರೂ ಇದ್ದಿರಬೇಕು.) ಮೊದಲಿದ್ದ ಮ್ಯಾಜಿಕ್ ಕಿಂಗ್‌ಡಮ್ ವನಕ್ಕೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎಂದು ಕರೆಯುವ ಚಿತ್ರಲೋಕ, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಜೊತೆಗೂಡಿದವು. ಒಂದೊಂದು ವನಕ್ಕೆ ಕನಿಷ್ಠ ಒಂದು ಪೂರ್ಣ ದಿನ ಬೇಕು.

ಇಂದು ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ಮಾಯಾನಗರಿ ಅಪರಿಚಿತವಲ್ಲ. ಅಟ್ಲಾಂಟಾದಲ್ಲಿರುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ: ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಅಜ್ಜ, ಅಜ್ಜಿ. ಈ ಆರು ಜನ ಒಟ್ಟಾಗಿ ಹೋಗುವ ಸಂದರ್ಭ ಪದೇ ಪದೇ ಒದಗುವಂತಹುದಲ್ಲ. ಮುಂದಿನ ಸಲ ಅಜ್ಜ ಬರುವ ವೇಳೆಗೆ ಮೊಮ್ಮಗನಿಗೆ ಮಿಕ್ಕಿಯ ಮೇಲಿನ ಮೋಹ ಹೋಗಿರಬಹುದು. ಅಜ್ಜನ ಮಂಡಿಯೂ ಇನ್ನಷ್ಟು ಸವೆದಿರಬಹುದು. ಇಂತಹ ಪ್ರವಾಸಕ್ಕೆ ಹೊರಡುವವರು ಬಹುಮಟ್ಟಿಗೆ ಯಾವ ಯಾವ ಆಟಗಳಿವೆ ಎಂಬ ಪಟ್ಟಿಯನ್ನು ಹಿಡಿದು ಕೂಡುತ್ತಾರೆ. ನಿಜವಾಗಿ ಮೊದಲು ತೀರ್ಮಾನವಾಗಬೇಕಾದುದು ಎಲ್ಲಿ ಮಲಗುವುದು, ಎಲ್ಲಿ ಉಣ್ಣುವುದು, ನಡುಹಗಲಿನಲ್ಲಿ ಎಲ್ಲಿ ಕಾಲು ಚಾಚುವುದು ಎಂಬುದು.

ಖರ್ಚಿನ ಮಾತು ಮೊದಲು. 1971ರಲ್ಲಿ ದೊಡ್ಡವರಿಗೆ ಪ್ರವೇಶದರ ಮೂರೂವರೆ ಡಾಲರು. ಆಟಗಳಿಗೆ ಬೇರೆ ಚೀಟಿಗಳಿರುತ್ತಿದ್ದವು. 2025ರ ಕ್ರಿಸ್‌ಮಸ್ ವಾರದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೀಟು 199 ಡಾಲರಿಗೆ ಏರಿತ್ತು. ದರವು ದಿನದಿಂದ ದಿನಕ್ಕೆ ಬದಲಾಗುವುದರಿಂದ ಶಾಲೆಗಳಿಗೆ ರಜೆಯಿರುವ ವಾರಗಳನ್ನು ಬಿಟ್ಟು ಹೋದರೆ ಹಣವೂ ಉಳಿಯುತ್ತದೆ, ಸಾಲಿನಲ್ಲಿ ನಿಲ್ಲುವುದೂ ಕಡಿಮೆಯಾಗುತ್ತದೆ. ಹೆಚ್ಚು ದಿನಗಳ ಟಿಕೀಟು ಕೊಂಡಷ್ಟೂ ದಿನವೊಂದಕ್ಕೆ ಬೀಳುವ ದರ ಇಳಿಯುತ್ತದೆ. ಮೂರು ವರ್ಷ ತುಂಬದ ಮಗುವಿಗೆ ಟಿಕೀಟಿಲ್ಲ. ಹತ್ತು ತುಂಬಿದೊಡನೆ ಮಗುವನ್ನು ದೊಡ್ಡವರೆಂದೇ ಲೆಕ್ಕ ಹಿಡಿಯುತ್ತಾರೆ. ಮೇಲಿನ ಸಂಸಾರವು ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಮುಂಚೆಯೇ ಹೊರಟಿದ್ದರೆ ನಾಲ್ಕು ಕಾಸು ಉಳಿಯುತ್ತಿತ್ತು.

ಇನ್ನು ಹವೆ. ಬೇಸಗೆಯಲ್ಲಿ ಆರ್ಲ್ಯಾಂಡೊದ ಸೆಕೆ ಮಂಗಳೂರಿನ ಸೆಕೆಯನ್ನು ನೆನಪಿಗೆ ತರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಸುರಿಯುವುದು ವಾಡಿಕೆ. ಶಾಲೆಗಳು ಮತ್ತೆ ತೆರೆದ ಮೇಲೆ, ಆಗಸ್ಟ್ ಕೊನೆಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಜನಸಂದಣಿ ಇಳಿಯುತ್ತದೆ. ಆದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತಗಳ ಋತು. ಜನವರಿಯ ಉತ್ತರಾರ್ಧ ತಂಪಾಗಿರುತ್ತದೆ. ಅಜ್ಜಿಯವರಿಗೆ ಅದೇ ಹಿತ.

ಬಿಡಾರ ಎಲ್ಲಿ?

ಡಿಸ್ನಿಯ ಸ್ವಂತ ಹೋಟೆಲುಗಳು ಅಗ್ಗ, ಮಧ್ಯಮ, ದುಬಾರಿ ಎಂದು ಮೂರು ತರಗತಿಯವು. ಅಗ್ಗವೆಂಬ ಮಾತನ್ನು ಅಮೆರಿಕದ ಲೆಕ್ಕದಲ್ಲಿಯೇ ತೆಗೆದುಕೊಳ್ಳಬೇಕು. ಆಲ್-ಸ್ಟಾರ್, ಪಾಪ್ ಸೆಂಚುರಿ ಮೊದಲಾದ ಅಗ್ಗದ ಹೋಟೆಲುಗಳಲ್ಲಿ ಒಂದು ಕೊಠಡಿಗೆ ಸಾಮಾನ್ಯವಾಗಿ ನಾಲ್ವರು. ಆರು ಜನರ ಸಂಸಾರಕ್ಕೆ ಎರಡು ಕೊಠಡಿ ಹಿಡಿಯಬೇಕು, ಇಲ್ಲವೇ ಆರ್ಟ್ ಆಫ್ ಅನಿಮೇಶನ್ ಎಂಬಲ್ಲಿರುವ ಆರು ಜನರ ಕುಟುಂಬ ಕೊಠಡಿಗಳನ್ನು ನೋಡಬೇಕು. ಈ ಪಾಪ್ ಸೆಂಚುರಿ, ಆರ್ಟ್ ಆಫ್ ಅನಿಮೇಶನ್ ಎರಡಕ್ಕೂ 2019ರಿಂದ ಒಂದು ಅನುಕೂಲ ಸೇರಿದೆ. ಸ್ಕೈಲೈನರ್ ಎಂಬ ತೂಗುತೊಟ್ಟಿಲುಗಳ ಸಾಲು ಅಲ್ಲಿಂದ ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಆಕಾಶಮಾರ್ಗದಲ್ಲಿ ಕರೆದೊಯ್ಯುತ್ತದೆ. ಮಕ್ಕಳಿಗಂತೂ ಅದೇ ಒಂದು ಆಟ.

ಸಂಸ್ಥೆಯ ಹೋಟೆಲಿನಲ್ಲಿ ಇಳಿದವರನ್ನು ವನಗಳೊಳಗೆ ಉಳಿದವರಿಗಿಂತ ಅರ್ಧ ಗಂಟೆ ಮುಂಚೆ ಬಿಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಮುಗಿಯುವ ಎರಡು ಆಟಗಳಿಗೆ ನಡುಹಗಲಿನಲ್ಲಿ ಎರಡು ಗಂಟೆ ಹಿಡಿಯಬಹುದು. ಇನ್ನೊಂದು ವಿಷಯವನ್ನು ಕಾರಿನಲ್ಲಿ ಬರುವವರು ತಿಳಿದಿರಬೇಕು. ಮ್ಯಾಜಿಕ್ ಕಿಂಗ್‌ಡಮ್‌ನ ಕಾರು ನಿಲ್ದಾಣಕ್ಕೂ ಬಾಗಿಲಿಗೂ ನಡುವೆ ಒಂದು ಸರೋವರವೇ ಇದೆ. ಕಾರು ನಿಲ್ಲಿಸಿದ ಮೇಲೆ ದೋಣಿಯನ್ನೋ ಒಂಟಿ ಹಳಿಯ ರೈಲನ್ನೋ ಏರಿ ಅದನ್ನು ದಾಟಬೇಕು. ಊರಿನ ಗಲಿಬಿಲಿಯನ್ನು ಹಿಂದೆ ಬಿಟ್ಟು ನೀರು ದಾಟಿ ಮಾಯಾಲೋಕ ಸೇರಬೇಕೆಂಬುದು ಕಟ್ಟಿದವರ ಕಲ್ಪನೆ. ಕಲ್ಪನೆ ಚೆನ್ನಾಗಿದೆ. ರಾತ್ರಿ ಬಾಣಬಿರುಸು ಮುಗಿದ ಮೇಲೆ ನಿದ್ದೆಗಟ್ಟ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅದೇ ಸಾಲಿನಲ್ಲಿ ಹಿಂದಿರುಗುವಾಗ ಮಾತ್ರ ಅದು ಕಷ್ಟವೆನಿಸುತ್ತದೆ. ಹೋಟೆಲಿನ ಬಸ್ಸುಗಳಾದರೋ ಬಾಗಿಲಿನ ಬಳಿಯಲ್ಲೇ ಇಳಿಸುತ್ತವೆ.

ಹೊರಗೆ, ಹತ್ತಿರದ ಕಿಸ್ಸಿಮ್ಮಿ ಪಟ್ಟಣದಲ್ಲಿ, ಅಡುಗೆಮನೆಯುಳ್ಳ ಪೂರ್ತಿ ಮನೆಗಳು ವಾರದ ಬಾಡಿಗೆಗೆ ದೊರೆಯುತ್ತವೆ. ಆರು ಜನಕ್ಕೆ ಇದು ಹಲವು ಸಲ ಅಗ್ಗ. ರಾತ್ರಿ ಬಂದು ಬಿಸಿ ಅನ್ನ, ತಿಳಿಸಾರು ಮಾಡಿಕೊಳ್ಳಬಹುದು. ಆದರೆ ಮಧ್ಯಾಹ್ನ ಬಿಡಾರಕ್ಕೆ ಬಂದು ಹೋಗುವುದು ದೂರದಿಂದಾಗಿ ಕಷ್ಟ. ಇಳಿವಯಸ್ಸಿನವರೂ ಚಿಕ್ಕಮಕ್ಕಳೂ ಜೊತೆಗಿದ್ದರೆ ಬೆಳಗಿನ ತಂಪಿನಲ್ಲಿ ನಾಲ್ಕು ಗಂಟೆ ತಿರುಗಿ, ಊಟ ಮಾಡಿ, ಮಳೆ ಬಿಸಿಲುಗಳ ಹೊತ್ತನ್ನು ನಿದ್ದೆಯಲ್ಲಿ ಕಳೆದು, ಸಂಜೆ ಮತ್ತೆ ಹೋಗುವ ಕ್ರಮವೇ ಉಳಿದೆಲ್ಲ ಕ್ರಮಗಳಿಗಿಂತ ಲೇಸು. ಹಣಕ್ಕೆ ಮೋಸವಾಯಿತೆಂದು ಬೆಳಗಿನಿಂದ ಮಧ್ಯರಾತ್ರಿಯವರೆಗೆ ವನದಲ್ಲಿಯೇ ಕಳೆಯುವವರು ಎರಡನೆಯ ದಿನ ಮಕ್ಕಳಿಗೆ ಗದರುವುದರಲ್ಲಿಯೇ ಕಳೆಯುತ್ತಾರೆ. ಹತ್ತಿರದ ಹೋಟೆಲಿಗೆ ತೆರುವ ಹೆಚ್ಚಿನ ಬಾಡಿಗೆ ಈ ಮಧ್ಯಾಹ್ನದ ನಿದ್ದೆಯ ಬೆಲೆಯೆಂದು ತಿಳಿದರೆ ಅದು ಅಷ್ಟೇನೂ ಭಾರವಾಗಿ ಕಾಣದು.

ಅಜ್ಜನ ಮಂಡಿಗೆ ಬಾಗಿಲಿನಲ್ಲಿಯೇ ಗಾಲಿಕುರ್ಚಿಗಳು ಬಾಡಿಗೆಗೆ ಸಿಗುತ್ತವೆ. ಅಭಿಮಾನದಿಂದ ಬೇಡವೆನ್ನುವ ಅಜ್ಜಂದಿರೇ ಹೆಚ್ಚು. ಒಂದು ದಿನದಲ್ಲಿ ಏಳೆಂಟು ಮೈಲಿ ನಡೆಯಬೇಕಾಗಬಹುದೆಂದು ಅವರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಹಿರಿಯರು ಸುಖವಾಗಿ ಕೂಡಬಲ್ಲ ಆಟಗಳೂ ಕಡಿಮೆಯೇನಿಲ್ಲ. ವನವನ್ನು ಸುತ್ತುವ ಉಗಿಬಂಡಿ ಇದೆ. 1964ರ ನ್ಯೂಯಾರ್ಕ್ ವಸ್ತುಪ್ರದರ್ಶನಕ್ಕಾಗಿ ಮೊದಲು ರಚಿತವಾದ, ನಾನಾ ದೇಶದ ಬೊಂಬೆಗಳ ನಡುವೆ ತೇಲಿಹೋಗುವ ದೋಣಿಯಾಟದ ಮಾದರಿಯೂ ಇಲ್ಲಿದೆ. 1917ರಲ್ಲಿ ತಯಾರಾದ ತಿರುಗುವ ಮರದ ಕುದುರೆಗಳೂ ಇವೆ. ಮಕ್ಕಳಿಗೆ ಇನ್ನೊಂದು ತೊಡಕು, ಎತ್ತರ. ಸ್ಪೇಸ್ ಮೌಂಟನ್ ಎಂಬ ಕತ್ತಲೆಯ ಓಟಕ್ಕೆ 44 ಅಂಗುಲ, ಟ್ರಾನ್ ಎಂಬುದಕ್ಕೆ 48 ಅಂಗುಲ ಇರಲೇಬೇಕು. ಬಾಗಿಲಲ್ಲಿ ಅಳೆದು ನೋಡಿಯೇ ಬಿಡುತ್ತಾರೆ. ಮನೆಯ ಗೋಡೆಯ ಮೇಲೆಯೇ ಅಳೆದುಕೊಂಡು ಹೊರಟರೆ ಅಲ್ಲಿ ಅಳು ಕೇಳಬೇಕಾಗಿಲ್ಲ. ಎತ್ತರ ಸಾಲದ ಮಗುವನ್ನು ತಾಯಿ ನೋಡಿಕೊಳ್ಳುತ್ತಿರುವಾಗ ತಂದೆ ಆಡಿ ಬಂದು, ಬಳಿಕ ತಾಯಿ ಮತ್ತೆ ಉದ್ದ ಸಾಲಿನಲ್ಲಿ ನಿಲ್ಲದೆ ಹೋಗಲು ಅವಕಾಶವಿದೆ. ಕೇಳಿದವರಿಗೆ ಮಾತ್ರ ಅದು ದೊರೆಯುತ್ತದೆ.

ಊಟದ ಚಿಂತೆ

ಹೆಸರಾಂತ ಭೋಜನಶಾಲೆಗಳಲ್ಲಿ ಸ್ಥಳ ಬೇಕಾದರೆ 60 ದಿನ ಮುಂಚೆ ಕಾದಿರಿಸಬೇಕು. ಕೋಟೆಯೊಳಗೆ ಸಿಂಡರೆಲ್ಲಾಳ ಊಟದ ಮನೆಯಿದೆ. ಕಂಟೆಂಪೊರರಿ ಹೋಟೆಲಿನಲ್ಲಿ ಮಿಕ್ಕಿಯೇ ಅಡುಗೆಯವನ ವೇಷದಲ್ಲಿ ಮೇಜಿನಿಂದ ಮೇಜಿಗೆ ಬಂದು ಮಾತನಾಡಿಸುತ್ತಾನೆ. ಬಿಸಿಲಿನಲ್ಲಿ ಸಾಲು ನಿಂತು ಮಿಕ್ಕಿಯ ಕೈಕುಲುಕುವುದಕ್ಕಿಂತ ಇಂತಹ ಒಂದು ಊಟಕ್ಕೆ ಹಣ ತೆರುವುದು ಮೇಲು. ಆದರೆ ದಿನವೂ ಬೇಕಾಗಿಲ್ಲ. ಕಾದಿರಿಸಿ ಹೋಗದಿದ್ದರೆ ತಲೆಗಿಷ್ಟೆಂದು ದಂಡ ಹಾಕುತ್ತಾರೆಂಬುದು ನೆನಪಿರಬೇಕು.

ಸಸ್ಯಾಹಾರಿಗಳ ಪಾಡು ಹಿಂದಿನಷ್ಟು ಕಷ್ಟವಿಲ್ಲ. ಪ್ರಾಣಿಜನ್ಯ ಪದಾರ್ಥಗಳಿಲ್ಲದ ತಿನಿಸುಗಳಿಗೆ 2019ರಿಂದ ಎಲೆಯ ಗುರುತು ಹಾಕುವ ಪದ್ಧತಿ ಬಂದಿದೆ. ಆದರೂ ಅಲ್ಲಿಯವರು ಸಸ್ಯಾಹಾರವೆಂದಾಗ ಮೊಟ್ಟೆ ಸೇರಿರಬಹುದು. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರಬಹುದು. ಬಡಿಸುವವರನ್ನು ಬಿಡಿಸಿ ಕೇಳಲು ಸಂಕೋಚಪಡಬಾರದು. ಎಪ್ಕಾಟ್‌ನಲ್ಲಿ ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳೂ ಅವುಗಳ ಊಟದ ಮನೆಗಳೂ ಇವೆ. ಅವುಗಳಲ್ಲಿ ಭಾರತವಿಲ್ಲ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲಿನ ಸನಾ ಭೋಜನಶಾಲೆ. ನಾನ್ ಮೊದಲಾದ ರೊಟ್ಟಿಗಳನ್ನು ಹುಣಿಸೆ ಚಟ್ನಿ, ಕೊತ್ತಂಬರಿ ಚಟ್ನಿ, ರಾಯತಗಳೊಡನೆ ಅಲ್ಲಿ ಬಡಿಸುತ್ತಾರೆ. ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆಗಳು, ಹೇಸರಕುದುರೆಗಳನ್ನು ಹೋಲುವ ಪಟ್ಟೆಯ ಜೀಬ್ರಾಗಳು ಮೇಯುತ್ತಿರುತ್ತವೆ. ಅಲ್ಲಿ ಉಣ್ಣಲು ವನದ ಟಿಕೀಟು ಬೇಕಾಗಿಲ್ಲ. ಪ್ರವಾಸದ ನಡುವೆ ಒಂದು ವಿಶ್ರಾಂತಿಯ ದಿನವನ್ನಿಟ್ಟುಕೊಂಡವರು ಅಜ್ಜ ಅಜ್ಜಿಯರನ್ನು ಅಲ್ಲಿಗೆ ಕರೆದೊಯ್ಯಬೇಕು.

ಮನೆಯಿಂದ ತಂದ ತಿಂಡಿಯನ್ನು ವನಗಳೊಳಗೆ ಒಯ್ಯಲು ಅಡ್ಡಿಯಿಲ್ಲವೆಂಬುದು ಹಲವರಿಗೆ ತಿಳಿಯದು. ಗಾಜಿನ ಪಾತ್ರೆಗಳು ಮಾತ್ರ ಕೂಡದು. ಪುಳಿಯೋಗರೆ, ಚಪಾತಿ, ಮೊಸರನ್ನದ ಡಬ್ಬಿಗಳು ನಿರಾತಂಕವಾಗಿ ಒಳಗೆ ಹೋಗುತ್ತವೆ. ತಿಂಡಿಯ ಅಂಗಡಿಗಳಲ್ಲಿ ಕೇಳಿದರೆ ತಣ್ಣೀರನ್ನು ಹಣವಿಲ್ಲದೆ ಕೊಡುತ್ತಾರೆ. ಮೊದಲ ದಿನದ ಡಿಸ್ನಿಲ್ಯಾಂಡಿನಲ್ಲಿ ನೀರಿಗೆ ಪರದಾಡಿದವರು ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಹೋಟೆಲಿನವನೊಬ್ಬನ ಕಥೆ

ಆರ್ಲ್ಯಾಂಡೊದ ಸುತ್ತಲಿನ ಹೋಟೆಲುಗಳ ಮಾತೆತ್ತಿದಾಗ ಹೆನ್ರಿ ಲ್ಯಾಂಡ್‌ವರ್ತ್ ಎಂಬಾತನನ್ನು ನೆನೆಯದೆ ಇರಲಾಗದು. 1927ರಲ್ಲಿ ಬೆಲ್ಜಿಯಮ್ ದೇಶದ ಆಂಟ್‌ವರ್ಪಿನಲ್ಲಿ ಹುಟ್ಟಿದ ಈ ಯಹೂದಿಯ ಹದಿಹರೆಯವೆಲ್ಲ ನಾಜಿಗಳ ಸೆರೆಶಿಬಿರಗಳಲ್ಲಿ ಕಳೆಯಿತು. ತಂದೆತಾಯಿಗಳಿಬ್ಬರೂ ಆ ಕಾಲದಲ್ಲಿ ಕೊಲೆಯಾದರು. ತಾನೂ ತನ್ನ ಅವಳಿ ಸೋದರಿಯೂ ಬದುಕಿ ಉಳಿದರು. ಯುದ್ಧಾನಂತರ ಬರಿಗೈಯಲ್ಲಿ ಅಮೆರಿಕಕ್ಕೆ ಬಂದ ಹೆನ್ರಿಯು ಹೋಟೆಲು ಕೆಲಸ ಕಲಿತು, ಫ್ಲಾರಿಡಾದ ಕೊಕೊವಾ ಬೀಚಿನಲ್ಲಿ ತಂಗುದಾಣವೊಂದರ ವ್ಯವಸ್ಥಾಪಕನಾದನು. ಅಮೆರಿಕದ ಮೊದಲ ಗಗನಯಾತ್ರಿಗಳು ಅವನ ಅತಿಥಿಗಳೂ ಸ್ನೇಹಿತರೂ ಆದರು. ಡಿಸ್ನಿ ವರ್ಲ್ಡ್ ಬಂದ ಮೇಲೆ ಅವನ ಹೋಟೆಲುಗಳು ಆ ಪ್ರದೇಶಕ್ಕೂ ಹಬ್ಬಿದವು.

ಮಾರಣಾಂತಿಕ ಕಾಯಿಲೆಯ ಮಕ್ಕಳು ಕೊನೆಯ ಆಸೆಯೆಂದು ಮಿಕ್ಕಿಯನ್ನು ನೋಡಬಯಸಿದಾಗ, ಆ ಕುಟುಂಬಗಳಿಗೆ ಹೆನ್ರಿಯು ತನ್ನ ಹೋಟೆಲಿನಲ್ಲಿ ಬಾಡಿಗೆಯಿಲ್ಲದೆ ಕೊಠಡಿ ಕೊಡುತ್ತಿದ್ದನು. ಒಂದು ಸಲ ರಕ್ತದ ಅರ್ಬುದದಿಂದ ನರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳಿಗಾಗಿ ಕೊಠಡಿ ಕಾದಿರಿಸಿಯಾಗಿತ್ತು. ಪ್ರಯಾಣದ ಉಳಿದ ಏರ್ಪಾಡುಗಳು ಒಂದಾದ ಮೇಲೊಂದರಂತೆ ತಡವಾಗುತ್ತ ಹೋದವು. ಕೊಠಡಿ ಖಾಲಿಯಾಗಿಯೇ ಉಳಿಯಿತು. ಹುಡುಗಿ ಹೊರಡುವ ಮೊದಲೇ ತೀರಿಕೊಂಡಿದ್ದಳು.

ಏರ್ಪಾಡು ತಡವಾಯಿತೆಂಬ ಕಾರಣಕ್ಕೆ ಇನ್ನೊಂದು ಮಗುವಿಗೆ ಹೀಗಾಗಬಾರದೆಂದು ಹೆನ್ರಿ ನಿಶ್ಚಯಿಸಿದನು. ಟಿಕೀಟು, ವಾಹನ, ವಸತಿ, ಊಟ ಎಲ್ಲವೂ ಒಂದೇ ಕಡೆಯಿಂದ, ಬಿಡಿಗಾಸೂ ಇಲ್ಲದೆ, ಬೇಗನೆ ಒದಗಬೇಕು. ವನಗಳ ಒಡೆಯರನ್ನೂ ಹೋಟೆಲು ವ್ಯಾಪಾರದ ಗೆಳೆಯರನ್ನೂ ಕಂಡು ಬೇಡಿ, 1986ರಲ್ಲಿ ‘ಗಿವ್ ಕಿಡ್ಸ್ ದಿ ವರ್ಲ್ಡ್’ ಎಂಬ ಸಂಸ್ಥೆಯನ್ನು ಕಟ್ಟಿದನು. ಕಾಯಿಲೆಯ ಮಗುವನ್ನು ಎಲ್ಲರೂ ಇಳಿಯುವ ಹೋಟೆಲಿನ ಓಣಿಗಳಲ್ಲಿ ಇರಿಸುವುದು ಸರಿಯಲ್ಲವೆಂದು ತೋರಿ, ಕಿಸ್ಸಿಮ್ಮಿಯಲ್ಲಿ ಅವರಿಗಾಗಿಯೇ ಒಂದು ಹಳ್ಳಿ 1989ರಲ್ಲಿ ತಲೆಯೆತ್ತಿತು. ಅದು ಈಗ ನೂರಕ್ಕೂ ಹೆಚ್ಚು ಮನೆಗಳ ಊರು. ಮಗು ಒಂಟಿಯಾಗಿ ಬರುವಂತಿಲ್ಲ. ತಂದೆತಾಯಿ, ಒಡಹುಟ್ಟಿದವರು ಎಲ್ಲರೂ ಒಂದು ವಾರದ ಅತಿಥಿಗಳು. 70ಕ್ಕೂ ಹೆಚ್ಚು ದೇಶಗಳಿಂದ ಲಕ್ಷಕ್ಕೂ ಮೀರಿ ಕುಟುಂಬಗಳು ಅಲ್ಲಿ ಉಳಿದು ಹೋಗಿವೆ. ಬಡಿಸುವವರು, ಆಟವಾಡಿಸುವವರು ಬಹುಪಾಲು ಸಂಬಳವಿಲ್ಲದ ಸೇವಾಕರ್ತರು. 2020ರಲ್ಲಿ ಮಹಾಮಾರಿಯಿಂದ ಮುಚ್ಚಿದ್ದ ಹಳ್ಳಿ 2021ರ ಜನವರಿಯಲ್ಲಿ ಮತ್ತೆ ತೆರೆಯಿತು. ಹೆನ್ರಿ ಅದಕ್ಕೆ ಮುಂಚೆಯೇ, 2018ರಲ್ಲಿ, ತೀರಿಹೋಗಿದ್ದನು.

ಆ ಹಳ್ಳಿಯಲ್ಲಿ ವಾರಕ್ಕೊಮ್ಮೆ ಕ್ರಿಸ್‌ಮಸ್ ಬರುತ್ತದೆ. ಡಿಸೆಂಬರಿನವರೆಗೆ ಕಾಯಿರೆಂದು ಆ ಮಕ್ಕಳಿಗೆ ಯಾರು ಹೇಳಬಲ್ಲರು? ಬೆಳಗಿನ ಫಲಾಹಾರಕ್ಕೆ ಐಸ್‌ಕ್ರೀಮು ಕೇಳಿದರೂ ಇಲ್ಲವೆನ್ನುವುದಿಲ್ಲ. ಬಂದ ಪ್ರತಿಯೊಂದು ಮಗುವೂ ಒಂದು ಬಂಗಾರದ ಬಣ್ಣದ ನಕ್ಷತ್ರದ ಮೇಲೆ ತನ್ನ ಹೆಸರನ್ನು ಬರೆಯುತ್ತದೆ. ಹಳ್ಳಿಯ ಪುಟ್ಟ ಅರಮನೆಯ ಒಳಛಾವಣಿಗೆ ಆ ನಕ್ಷತ್ರವನ್ನು ಅಂಟಿಸುತ್ತಾರೆ. ವರ್ಷಗಳ ಬಳಿಕ, ಮಗುವಿಲ್ಲದೆ ಒಂಟಿಯಾಗಿ ಮರಳಿ ಬರುವ ತಂದೆತಾಯಿಗಳೂ ಉಂಟು. ಅವರು ಕೇಳಿದರೆ ಆ ನಕ್ಷತ್ರ ಎಲ್ಲಿದೆಯೆಂದು ಹುಡುಕಿ ತೋರಿಸುತ್ತಾರೆ.